ಬಾಣಂತಿ ಬಾಗಿಲು

ಹಾಲುಗೊಪ್ಪಲಿನ ಚರ್ಚಿಗೆ ಹೋದವರ ಕಣ್ಣಿಗೆ ಮೊದಲು ಬೀಳುವುದು ಅದರ ಮೊನಚು ಗೋಪುರಗಳು, ಆಮೇಲೆ ಬಣ್ಣದ ಗಾಜಿನ ಎತ್ತರದ ಕಿಟಕಿಗಳು. ಊರವರು ಮಾತ್ರ ಬಂದವರನ್ನು ಉತ್ತರದ ಸಣ್ಣ ಬಾಗಿಲಿನತ್ತ ಕರೆದೊಯ್ಯುತ್ತಾರೆ. ಅದರ ಕಮಾನು ಗುಂಡಗಿಲ್ಲ. ಎರಡು ಬದಿಯ ಕಲ್ಲುಗಳೂ ಬಾಗುತ್ತ ಮೇಲೇರಿ, ಮುಗಿದ ಕೈಗಳಂತೆ ತುದಿಯಲ್ಲಿ ಕೂಡಿವೆ. ಅದಕ್ಕೆ ಬಾಣಂತಿ ಬಾಗಿಲು ಎಂದು ಹೆಸರು.

ಹಿಂದೆ ಒಮ್ಮೆ, ಚರ್ಚು ಇನ್ನೂ ಮೇಲೇಳುತ್ತಿದ್ದಾಗ, ಈ ಕಮಾನನ್ನು ಕಟ್ಟಿದವನು ಇನ್ನಾಸಪ್ಪನೆಂಬ ಕಲ್ಲುಕೆಲಸದವನು. ಪರದೇಶದ ಪಾದ್ರಿಗಳು ಕೊಟ್ಟ ನಕ್ಷೆಯಂತೆಯೇ ಕಟ್ಟಿದ್ದರೂ ಅದು ನಿಲ್ಲುತ್ತದೆಂಬ ಧೈರ್ಯ ಅವನಿಗಿರಲಿಲ್ಲ. ಮೊದಲು ಕಟ್ಟಿದ್ದು ಆಸರೆಯ ಮರಗಳನ್ನು ತೆಗೆಯುತ್ತಲೇ ಕುಸಿದಿತ್ತು. ಎರಡನೆಯ ಸಲ ಆಸರೆ ಬಿಚ್ಚುತ್ತ, ಒಂದೇ ಕಂಬ ಉಳಿದಿದ್ದಾಗ, ಆಲಿಕಲ್ಲು ಮಳೆ ಹೊಡೆಯಿತು. ಬುತ್ತಿ ತಂದಿದ್ದ ಅವನ ತುಂಬುಬಸುರಿ ಹೆಂಡತಿ ಜ್ಞಾನಮ್ಮ ದಿಕ್ಕುತೋಚದೆ ಕಮಾನಿನಡಿಗೆ ಓಡಿಬಂದಳು. ಬೆಳಗಿನಿಂದ ಮುಚ್ಚಿಟ್ಟುಕೊಂಡಿದ್ದ ನೋವು ತಡೆಯಲಾರದೆ ಅಲ್ಲೇ ಕುಸಿದಳು.

"ಅವಳ್ನ ಆಚೆಗೆ ಎತ್ರವ್ವಾ!" ಎಂದು ಇನ್ನಾಸಪ್ಪ ಅರಚಿದ.

ಗಾರೆ ಹೊರುತ್ತಿದ್ದ ಹೆಂಗಸರಲ್ಲಿ ಹೊನ್ನಮ್ಮನೆಂಬವಳು ಸೂಲಗಿತ್ತಿಯೂ ಆಗಿದ್ದಳು. ಅವಳು ಕೈ ಅಡ್ಡ ಹಿಡಿದಳು. "ಮಗೀನ ತಲೆ ಕಾಣ್ತಾ ಅದೆ ಕಣಪ್ಪ, ಈಗ ಅಲುಗಿಸಬ್ಯಾಡ. ಇವಳ್ನ ನಾನು ನೋಡ್ಕತೀನಿ, ನಿನ್ನ ಕಲ್ಲು ನೀನು ನೋಡ್ಕೊ."

ಹೆಂಗಸರು ಜಾತಿ ಕುಲ ನೋಡದೆ ಆ ಕಲ್ಲುಗಳ ಅಡಿಯಲ್ಲೇ ಸೆರಗು ಹಿಡಿದು ಮರೆಕಟ್ಟಿದರು. ಇನ್ನಾಸಪ್ಪ ಅವರಿಗೆ ಬೆನ್ನುಮಾಡಿ ಕಂಬಕ್ಕೆ ಹೆಗಲುಕೊಟ್ಟು ತಬ್ಬಿ ನಿಂತ. ಗಾರೆಯ ಪುಡಿ ಕುತ್ತಿಗೆಯ ಮೇಲೆ ಉದುರಿದಾಗಲೆಲ್ಲ ಅವನು ಇನ್ನಷ್ಟು ಬಿಗಿಯಾಗಿ ತಬ್ಬುತ್ತಿದ್ದ. "ತಾಯಿ ಮರಿಯಮ್ಮ, ಬಿದ್ದರೆ ನನ್ನೊಬ್ಬನ ಮೇಲೆ ಬೀಳಲಿ" ಎಂದು ಬೇಡಿಕೊಂಡನೆನ್ನುತ್ತಾರೆ. ಕೊನೆಗೆ ಕೂಸು ಅತ್ತಿತು. ತಾಯಿಯನ್ನೂ ಮಗುವನ್ನೂ ಒಳಗೆ ಸಾಗಿಸಿದ ಮೇಲೂ ಅವನು ಕಂಬ ಬಿಡಲಿಲ್ಲ.

"ಹೆಣ್ಣು ಮಗ. ಇಬ್ಬರೂ ಸಂದಾಗವ್ರೆ. ಇನ್ನಾದ್ರೂ ಬುಡಪ್ಪ" ಎಂದಳು ಹೊನ್ನಮ್ಮ.

ಅವನು ಕೈ ಸಡಿಲಿಸಿದ್ದೇ ತಡ, ಕಂಬ ತಾನಾಗಿ ವಾಲಿ ಕೆಸರಿಗೆ ಬಿತ್ತು. ಅದರ ಮೇಲೆ ಭಾರವೇ ಇರಲಿಲ್ಲ! ಕಲ್ಲುಗಳು ಒಂದನ್ನೊಂದು ಒತ್ತಿಕೊಂಡು ಯಾವಾಗಿನಿಂದಲೋ ತಮ್ಮಷ್ಟಕ್ಕೆ ನಿಂತಿದ್ದವು. ಇನ್ನಾಸಪ್ಪ ಮೊದಲು ನಕ್ಕ. ಆಮೇಲೆ ಒದ್ದೆ ನೆಲದಲ್ಲಿ ಕುಕ್ಕರಿಸಿ ಮನಸಾರೆ ಅತ್ತ.

ಇಂದಿಗೂ ಸುತ್ತಲಿನ ಬಾಣಂತಿಯರು, ಯಾವ ಮತದವರೇ ಆಗಲಿ, ಕೂಸನ್ನೆತ್ತಿಕೊಂಡು ಆ ಬಾಗಿಲಿನಿಂದಲೇ ಒಳಹೋಗುತ್ತಾರೆ. ಒಳಗೆ ಪೂಜೆ ನಡೆಯುತ್ತಿದ್ದರೂ, ಕಮಾನಿನಡಿ ಕೂಸು ಅತ್ತರೆ ಅಲ್ಲಿ ಯಾರೂ ಅದನ್ನು ಸುಮ್ಮನಿರಿಸುವುದಿಲ್ಲ.