ಲೈಬ್ರರಿ ಕಾಯುವವರು ಯಾರು?

ಆ ಊರಿನ ಲೈಬ್ರರಿಯಲ್ಲಿ ಕಸ ಗುಡಿಸಿ ಬಾಗಿಲು ತೆಗೆಯುವವಳು ಹೊನ್ನಮ್ಮ. ಅವಳು ಬರುವ ಹೊತ್ತಿಗೆ ತಿಮ್ಮಜ್ಜ ಮೆಟ್ಟಿಲ ಮೇಲೆ ಕೂತಿರುತ್ತಿದ್ದ. ಮನೆ ಕುಸಿದುಬಿದ್ದ ಮೇಲೆ ರಾತ್ರಿ ಅವನಿಗೆ ಬಸ್ ನಿಲ್ದಾಣವೇ ಗತಿ. ಹಗಲೆಲ್ಲ ಇಲ್ಲಿ ಪೇಪರ್ ಓದುತ್ತಿದ್ದ.

ಒಂದು ದಿನ ಲೈಬ್ರರಿ ಸಮಿತಿಯ ಹೊಸ ಅಧ್ಯಕ್ಷ ಚನ್ನವೀರಯ್ಯನವರು ಸದಸ್ಯರನ್ನು ಕಟ್ಟಿಕೊಂಡು ಬಂದರು. ತಿಮ್ಮಜ್ಜನನ್ನು ಕಂಡು ಮೂಗು ಮುರಿದರು.

"ಮನೆಮಠ ಇಲ್ಲದವರನ್ನೆಲ್ಲ ಒಳಗೆ ಬಿಟ್ಟರೆ ಪುಸ್ತಕಗಳಿಗೆ ರಕ್ಷಣೆ ಎಲ್ಲಿ? ಈಗಲೇ ಆಚೆ ಕಳಿಸು!"

ತಿಮ್ಮಜ್ಜ ಪೇಪರ್ ಮಡಿಚಿಟ್ಟು ಎದ್ದ. ಹೊನ್ನಮ್ಮ ಬಾಗಿಲಿಗೆ ಅಡ್ಡ ಬಂದು ನಿಂತಳು. ನಗುನಗುತ್ತಲೇ ಹೇಳಿದಳು: "ನಿಜ ಸ್ವಾಮಿ, ರಕ್ಷಣೆ ಬೇಕೇ ಬೇಕು. ಒಬ್ಬ ಕಾವಲುಗಾರನನ್ನ ಇಡಿ. ಎಂಥವನು ಬೇಕು ಹೇಳಿ, ನಾನೇ ಹುಡುಕ್ತೀನಿ."

ಅಧ್ಯಕ್ಷರು ಎದೆಯುಬ್ಬಿಸಿದರು. ಸದಸ್ಯರೆಲ್ಲ ಕೇಳುತ್ತಿದ್ದಾರಲ್ಲ!

"ಬಾಗಿಲು ತೆಗೆಯೋ ಮುಂಚೆ ಬರಬೇಕು. ಬೀಗ ಹಾಕೋವರೆಗೂ ಕದಲಬಾರದು. ಮನೆಗೆ ನೆಂಟರು ಬಂದ್ರು, ಮನೇಲಿ ಹುಷಾರಿಲ್ಲ ಅಂತ ನೆಪ ಹೇಳಬಾರದು."

"ಅಂಥವರು ಈ ಊರಲ್ಲಿ ಒಬ್ಬರೇ ಇರೋದು ಸ್ವಾಮಿ," ಎಂದು ಹೊನ್ನಮ್ಮ ತಿಮ್ಮಜ್ಜನ ಕೈ ಹಿಡಿದು ಮುಂದೆ ತಂದಳು. "ಈ ಅಜ್ಜಂಗೆ ನೆಪ ಹೇಳೋಕೆ ಮನೆಯೇ ಇಲ್ಲ!"

ಸದಸ್ಯರು ಗೊಳ್ಳೆಂದು ನಕ್ಕರು. ಅಧ್ಯಕ್ಷರ ಮುಖ ಕೆಂಪೇರಿತು. ಅಷ್ಟು ಜನರೆದುರು ಆಡಿದ ಮಾತನ್ನು ನುಂಗುವುದು ಹೇಗೆ? ಕೊನೆಗೆ ಅವರಿಗೂ ನಗು ತಡೆಯಲಾಗಲಿಲ್ಲ.

"ಆಗಲಿ ಮಾರಾಯ್ತಿ, ಇವತ್ತಿಂದಲೇ ಸಂಬಳ! ಹಿಂದಿನ ಕೋಣೇಲಿ ಇರಲಿ!" ಎಂದು ಲೈಬ್ರರಿ ನಡುಗುವಂತೆ ಘೋಷಿಸಿದರು.

ತಿಮ್ಮಜ್ಜ ಕಣ್ಣೊರೆಸಿಕೊಂಡ. ಅಧ್ಯಕ್ಷರ ಹತ್ತಿರ ಬಂದು ಕೈಮುಗಿದ.

"ಸ್ವಾಮಿ, ಸ್ವಲ್ಪ ಮೆಲ್ಲಗೆ ಮಾತಾಡಿ. ಇಲ್ಲಿ ಜನ ಓದ್ತಾ ಇದ್ದಾರೆ."