ಮುಚ್ಚಳದ ಮೇಲಿನ ಕುಂಕುಮ

ವಿದೇಶಿ ಯಂತ್ರ ಬಂದಿಳಿದ ದಿನವೇ ಅದರ ವಿದ್ಯೆಯೂ ಬಂದಿಳಿಯಿತೆಂದು ಆ ಪಂಪು ಕಾರ್ಖಾನೆಯಲ್ಲಿ ಎಲ್ಲರೂ ನಂಬಿದ್ದರು. ಯಂತ್ರ ವರ್ಷಗಟ್ಟಲೆ ತಕರಾರಿಲ್ಲದೆ ಓಡಿತು. ಒಂದು ಮಧ್ಯಾಹ್ನ ಅರ್ಧ ಕೊರೆದ ಕಬ್ಬಿಣವನ್ನು ಕಚ್ಚಿಕೊಂಡು ನಿಂತುಬಿಟ್ಟಿತು. ಗಿರಾಕಿಯ ಲಾರಿ ಗೇಟಿನಲ್ಲಿತ್ತು. ಸಂಜೆಯೊಳಗೆ ಪಂಪುಗಳು ಸಿಗದಿದ್ದರೆ ಗಿರಾಕಿ ಬೇರೆಯವರ ಪಾಲು, ಶೆಡ್ಡಿನಲ್ಲಿದ್ದುದೆಲ್ಲ ಗುಜರಿಯ ಪಾಲು.

"ಸ್ಪ್ಯಾನರಣ್ಣ, ಬೇಗ ಬಾ," ಎಂದಿತು ಯಂತ್ರ. "ನನ್ನನ್ನು ಮಾಡಿದ ಕಂಪನಿ ಮುಚ್ಚಿಹೋಗಿದೆ. ಇನ್ನು ನೀನೇ ಗತಿ."

"ನಿನ್ನೊಳಗೆ ಏನಿದೆ?" ಎಂದು ಸ್ಪ್ಯಾನರ್ ಕೇಳಿತು.

"ನನಗೇನು ಗೊತ್ತು? ಓಡುವುದು ನನ್ನ ಕೆಲಸ, ತಿಳಿದುಕೊಳ್ಳುವುದು ನಿಮ್ಮದು. ಇಷ್ಟು ವರ್ಷ ಪಕ್ಕದಲ್ಲೇ ಬಿದ್ದಿದ್ದೆಯಲ್ಲ!"

"ನಿನ್ನನ್ನು ಮುಟ್ಟಿದರೆ ಗ್ಯಾರಂಟಿ ಹೋಗುತ್ತದೆ ಎಂದು ನನ್ನನ್ನು ತಡೆದಿದ್ದರು."

"ಗ್ಯಾರಂಟಿ ಎರಡನೇ ವರ್ಷವೇ ಮುಗಿಯಿತು, ಮಹಾರಾಯ!"

ಮೂಲೆಯ ಹಳೆಯ ಲೇತು ನಕ್ಕಿತು. "ನಾನು ತಿಂಗಳಿಗೊಮ್ಮೆ ಕೆಡುತ್ತಿದ್ದೆ. ಅದಕ್ಕೇ ಈ ಸ್ಪ್ಯಾನರಣ್ಣನಿಗೆ ನನ್ನ ಒಂದೊಂದು ಹಲ್ಲೂ ಗೊತ್ತು. ನೀನು ಕೆಡಲೇ ಇಲ್ಲ ನೋಡು, ಅದು ನಿನ್ನ ಗ್ರಹಚಾರ."

"ಹರಟೆ ಸಾಕು," ಎಂದು ಯಂತ್ರ ಕೂಗಿತು. "ಸಂಜೆಯಾಯಿತು. ಲಾರಿ ಸ್ಟಾರ್ಟ್ ಆಗುತ್ತಿದೆ. ಮುಚ್ಚಳ ತೆಗೆಯಿರಿ!"

ಸ್ಪ್ಯಾನರ್ ಮುಚ್ಚಳದ ಬೋಲ್ಟಿಗೆ ಬಾಯಿ ಹಾಕಿತು. ಹಿಡಿತ ಸಿಗಲಿಲ್ಲ. ಪ್ರತಿ ಆಯುಧಪೂಜೆಗೂ ಹಚ್ಚಿದ ಅರಿಸಿನ ಕುಂಕುಮ ಪದರ ಪದರವಾಗಿ ಗಟ್ಟಿಕಟ್ಟಿತ್ತು. ಸ್ಪ್ಯಾನರ್ ಅದನ್ನು ಕೆರೆಯುತ್ತಿದ್ದಾಗಲೇ ಲಾರಿ ಖಾಲಿಯಾಗಿ ಗೇಟು ದಾಟಿತು. ಕೊನೆಗೂ ಬೋಲ್ಟು ಕಂಡಿತು. ಅದರ ಬಣ್ಣಕ್ಕೆ ಒಂದು ಗೀರೂ ಬಿದ್ದಿರಲಿಲ್ಲ.

ಯಂತ್ರ ಬಂದ ದಿನದಿಂದ ಆ ಮುಚ್ಚಳವನ್ನು ಯಾರೂ ತೆಗೆದಿರಲಿಲ್ಲ.