ಈಟಿಗಾರನ ಹಲಗೆ

1984ರ ಮಾರ್ಚ್ 11, ಭಾನುವಾರ. ಮೇಜಿನ ಮೇಲಿನ ಯುದ್ಧದಾಟಕ್ಕೆಂದು ಸೀಸದ ಪುಟ್ಟ ಸೈನಿಕರನ್ನು ಹಲಗೆಗಳಿಗೆ ಅಂಟಿಸಿದ ದಿನ ಎಂದು ನನ್ನ ಹಳೆಯ ದಿನಚರಿಯಲ್ಲಿದೆ.

ಅಂದು ಆರು ಈಟಿಗಾರರ ನಾಯಕ ಹಸಿ ಅಂಟಿನಲ್ಲಿ ಕಾಲಗಲಿಸಿ ನಿಂತಿದ್ದ. ಕೋವಿಗಾರನೊಬ್ಬ ಬಂದು ಕೇಳಿದ: “ಅಣ್ಣ, ನಾವು ನಾಲ್ವರಿದ್ದೇವೆ, ಅಂಚಿನಲ್ಲಿ ಸ್ವಲ್ಪ ಜಾಗ ಕೊಡಿ. ನಾವು ಮದ್ದು ತುಂಬುವಷ್ಟು ಹೊತ್ತು ನಿಮ್ಮ ಈಟಿಗಳು ಕುದುರೆಗಳನ್ನು ತಡೆದರೆ ಸಾಕು.”

“ಒಂದು ಗುಂಡು ಹೊಡೆದು ಅರ್ಧ ದಿನ ಕೋವಿ ಉಜ್ಜುವವರಿಗೆ ನನ್ನ ಪಕ್ಕ ಜಾಗವೇ? ನಿಮ್ಮ ಹೊಗೆಗೆ ನನ್ನ ಬಣ್ಣ ಕೆಡುತ್ತದೆ. ಬೇರೆ ಹಲಗೆ ನೋಡಿಕೊಳ್ಳಿ.”

“ಇನ್ನೊಮ್ಮೆ ಯೋಚಿಸಪ್ಪ,” ಎಂದಿತು ಅಂಟು. “ಒಣಗಿದ ಮೇಲೆ ನಾನು ಯಾರ ಮಾತೂ ಕೇಳುವುದಿಲ್ಲ.”

ಈಟಿಗಾರ ಸರಿಯಲಿಲ್ಲ.

ಆಟದ ದಿನ ಎರಡು ಹಲಗೆಗಳೂ ಸೇತುವೆ ಕಾಯುತ್ತಿದ್ದವು. ಕೋವಿಗಾರರು ಮದ್ದು ತುಂಬುತ್ತಿದ್ದಾಗಲೇ ಕುದುರೆಗಳು ಅವರ ಮೇಲೆ ಬಿದ್ದವು. “ಅಣ್ಣ,” ಎಂದು ಕರೆದದ್ದು ಈಟಿಗಾರನಿಗೆ ಕೇಳಿಸಿತು. ನೆರವಿಗೆ ಓಡಲು ನೋಡಿದ, ಪಾದ ಏಳಲಿಲ್ಲ. ಆಮೇಲೆ ಶತ್ರುವಿನ ಕೋವಿಗಳು ದೂರದಿಂದಲೇ ಅವನತ್ತ ತಿರುಗಿದವು. ಅವಕ್ಕೆ ಉತ್ತರ ಕೊಡಬಲ್ಲವರು ಅವನ ಪಕ್ಕದಲ್ಲಿರಲಿಲ್ಲ.

ಸಂಜೆಯ ಹೊತ್ತಿಗೆ ನಾಲ್ವರು ಕೋವಿಗಾರರೂ ಆರು ಈಟಿಗಾರರೂ ಮೇಜಿನಿಂದ ಇಳಿದಿದ್ದರು, ಸೇತುವೆಯೂ ಹೋಗಿತ್ತು.